ಮೊದಲ ಎಲೆಕ್ಟ್ರಿಕ್ ಗಿಟಾರ್: ಕೊಳ್ಳುವ ಮುಂಚೆ, ಅಂಗಡಿಯಲ್ಲಿ, ಮನೆಗೆ ತಂದ ಮೇಲೆ

ಎಲೆಕ್ಟ್ರಿಕ್ ಗಿಟಾರಿಗೆಂದು ಎತ್ತಿಟ್ಟ ಹಣವನ್ನೆಲ್ಲ ಗಿಟಾರಿನ ಮೇಲೇ ಸುರಿಯಬೇಡಿ. ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಇಲ್ಲದೆ ಅದು ಅರ್ಧ ವಾದ್ಯ. ಸೆಟಪ್ (ತಂತಿಯ ಎತ್ತರ, ಸ್ವರ ಇತ್ಯಾದಿಗಳ ಹೊಂದಾಣಿಕೆ) ಆಗದೆ ಇದ್ದರೆ ಎಷ್ಟೇ ಬೆಲೆಯದಾದರೂ ಬೆರಳಿಗೆ ಶಿಕ್ಷೆ. ಕಲಿಯಲು ಹೊರಟವರು ಮೂರು ತಿಂಗಳಿಗೆ ಕೈಬಿಡುವುದಕ್ಕೆ ಅನೇಕ ಸಲ ಶ್ರದ್ಧೆಯ ಕೊರತೆಯಲ್ಲ, ಶ್ರುತಿ ನಿಲ್ಲದ, ತಂತಿ ಎತ್ತರದಲ್ಲಿರುವ ಗಿಟಾರೇ ಕಾರಣ. ಆದ್ದರಿಂದ ಬ್ರ್ಯಾಂಡು, ಬಣ್ಣ, ಮರ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನೆಕ್ಕು (ಬೆರಳಿಡುವ ಉದ್ದನೆಯ ಹಿಡಿ), ಫ್ರೆಟ್ಟು (ಅದರ ಮೇಲಿನ ಲೋಹದ ಅಡ್ಡಪಟ್ಟಿ) ಮತ್ತು ತಂತಿಯ ಎತ್ತರ.

ಕೈಯಲ್ಲಿ 30,000 ರೂಪಾಯಿ ಇದ್ದರೆ ಹಂಚಿಕೆ ಹೀಗಿರಲಿ: ಗಿಟಾರಿಗೆ 18 ಸಾವಿರ, ಆಂಪ್‌ಗೆ 7 ಸಾವಿರ, ಸೆಟಪ್‌ಗೆ ಒಂದೂವರೆ ಸಾವಿರ. ಉಳಿದ ಮೂರೂವರೆ ಸಾವಿರದಲ್ಲಿ ಕೇಬಲ್, ಸ್ಟ್ರ್ಯಾಪ್, ಕ್ಲಿಪ್ ಟ್ಯೂನರ್, ದಪ್ಪ ಪ್ಯಾಡಿಂಗ್ ಇರುವ ಬ್ಯಾಗ್, ಒಂದು ಜೊತೆ ಹೆಚ್ಚುವರಿ ತಂತಿ. ಎಂಟು-ಹತ್ತು ಸಾವಿರಕ್ಕೆ ಗಿಟಾರ್, ಆಂಪ್, ಬ್ಯಾಗ್ ಎಲ್ಲ ಸೇರಿಸಿ ಕೊಡುವ ಕಾಂಬೊ ಪ್ಯಾಕ್‌ಗಳು ಆಕರ್ಷಕವಾಗಿ ಕಾಣುತ್ತವೆ. ಅವುಗಳಲ್ಲಿ ಫ್ರೆಟ್‌ಗಳ ತುದಿ ಒರಟಾಗಿರುವುದು, ಶ್ರುತಿ ಮಾಡುವ ಕೀಗಳು ಸಡಿಲವಾಗಿರುವುದು ತೀರಾ ಸಾಮಾನ್ಯ. ಜೊತೆಗೆ ಬರುವ ಪುಟ್ಟ ಆಂಪ್ ಆರು ತಿಂಗಳಲ್ಲಿ ಮೂಲೆ ಸೇರುತ್ತದೆ. ಹಣ ಕಡಿಮೆಯಿದ್ದರೆ ಅದರ ಬದಲು ಒಳ್ಳೆಯ ಸೆಕೆಂಡ್ ಹ್ಯಾಂಡ್ ಗಿಟಾರ್ ಹುಡುಕುವುದು ಮೇಲು.

"ಮೊದಲು ಅಕೂಸ್ಟಿಕ್ ಕಲಿ, ಆಮೇಲೆ ಎಲೆಕ್ಟ್ರಿಕ್" ಎಂಬ ಮಾತನ್ನು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ. ಆಂಪ್ ಬೇಡದ ಅಕೂಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ 12-53 ಅಳತೆಯ ತಂತಿ (ಅತಿ ಸಣ್ಣ ತಂತಿಯ ಮತ್ತು ಅತಿ ದಪ್ಪ ತಂತಿಯ ಅಳತೆ), ಎಲೆಕ್ಟ್ರಿಕ್‌ಗೆ 9-42. ಅಂದರೆ ಎಲೆಕ್ಟ್ರಿಕ್‌ನ ಅತಿ ಸಣ್ಣ ತಂತಿ ಒಂದು ಇಂಚಿನ ಸಾವಿರದಲ್ಲಿ ಒಂಬತ್ತು ಪಾಲು ದಪ್ಪ. ಒತ್ತುವುದಕ್ಕೂ ಎಳೆಯುವುದಕ್ಕೂ ಅದೇ ಸುಲಭ. ನುಡಿಸಬೇಕೆಂದಿರುವ ಸಂಗೀತ ಎಲೆಕ್ಟ್ರಿಕ್‌ನದಾದರೆ ನೇರವಾಗಿ ಅದನ್ನೇ ಕೊಳ್ಳಿ.

ಮೊದಲ ನಿರ್ಧಾರ: ಪಿಕಪ್

ತಂತಿಯ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಾಮ್ರದ ತಂತಿ. ಒಂದೇ ಸುರುಳಿಯಿದ್ದರೆ ಸಿಂಗಲ್ ಕಾಯಿಲ್: ಸದ್ದು ತಿಳಿ, ಚುರುಕು. ಆದರೆ ಅದು ಗಾಳಿಯಲ್ಲಿರುವ ವಿದ್ಯುತ್ ಗದ್ದಲವನ್ನೂ ಹಿಡಿದುಕೊಂಡು ಗುಂಯ್ ಎನ್ನುತ್ತದೆ. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಅಯಸ್ಕಾಂತದ ಧ್ರುವವನ್ನೂ ಸುರುಳಿಯ ದಿಕ್ಕನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದರೆ ಗದ್ದಲ ಪರಸ್ಪರ ಅಳಿಸಿಹೋಗಿ ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ. ಇದೇ ಹಂಬಕರ್, ಸದ್ದು ದಪ್ಪ, ಡಿಸ್ಟಾರ್ಷನ್‌ಗೆ (ರಾಕ್, ಮೆಟಲ್‌ನ ಒಡೆದ, ಒರಟು ಸದ್ದಿಗೆ) ಹೇಳಿ ಮಾಡಿಸಿದ್ದು.

ನಮ್ಮ ಮನೆಗಳಲ್ಲಿ ಈ ಗದ್ದಲ ಕಾಗದದ ಮೇಲಿನ ವಿಷಯವಲ್ಲ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಕರೆಂಟ್ ಹೋದಾಗ ಚಾಲೂ ಆಗುವ ಸ್ಕ್ವೇರ್ ವೇವ್ ಇನ್ವರ್ಟರ್, ಇವೆಲ್ಲ ಸಿಂಗಲ್ ಕಾಯಿಲ್‌ಗೆ ಶತ್ರುಗಳು. ಫ್ಯಾನಿನ ವೇಗ ಬದಲಿಸಿದಾಗ ಆಂಪಿನ ಸದ್ದೂ ಬದಲಾದರೆ ದೋಷ ಗಿಟಾರಿನದಲ್ಲ, ರೆಗ್ಯುಲೇಟರಿನದು.

ಯಾವ ಬಗೆಯ ಸಂಗೀತಕ್ಕೆ ಒಲವು ಎಂದು ಇನ್ನೂ ಗೊತ್ತಿಲ್ಲದವರಿಗೆ ಎಚ್‌ಎಸ್‌ಎಸ್ ಜೋಡಣೆಯೇ ಸೂಕ್ತ. ಬ್ರಿಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಹತ್ತಿರ ಒಂದು ಹಂಬಕರ್, ನಡುವೆ ಮತ್ತು ನೆಕ್ ಕಡೆ ಒಂದೊಂದು ಸಿಂಗಲ್ ಕಾಯಿಲ್, ಐದು ಸ್ಥಾನದ ಸ್ವಿಚ್. ಸಿನಿಮಾ ಹಾಡಿನ ತಿಳಿ ಕಾರ್ಡ್‌ಗಳಿಂದ ಹಿಡಿದು ಮೆಟಲ್ ರಿಫ್‌ವರೆಗೆ ಇದೊಂದರಲ್ಲೇ ಸಾಗುತ್ತದೆ. ಮೆಟಲ್ ಬಿಟ್ಟು ಬೇರೇನೂ ಬೇಡ ಎನ್ನುವವರು ಎರಡು ಹಂಬಕರ್ ಇರುವುದನ್ನು ತೆಗೆದುಕೊಳ್ಳಿ.

ಬ್ರಿಜ್: ಹೆಚ್ಚಿನವರು ಎಡವುವ ಜಾಗ

ಅಂಗಡಿಯ ಗೋಡೆಯ ಮೇಲೆ ಕಣ್ಣು ಸೆಳೆಯುವುದು ಫ್ಲಾಯ್ಡ್ ರೋಸ್ ಬ್ರಿಜ್ ಇರುವ ಗಿಟಾರ್. ಮೊದಲ ಗಿಟಾರಿಗೆ ಅದು ಖಂಡಿತ ಬೇಡ. ನಟ್ (ನೆಕ್‌ನ ತುದಿಯಲ್ಲಿ ತಂತಿಗಳು ಹಾಯುವ ಗೀರುಗಳ ಪಟ್ಟಿ) ಬಳಿ ತಂತಿಗಳನ್ನು ಅಲನ್ ಕೀಯಿಂದ ಬಿಗಿದು ಬೀಗ ಹಾಕುವ ವ್ಯವಸ್ಥೆ ಅದರದು, ಜೊತೆಗೆ ಬ್ರಿಜ್ ಸ್ಪ್ರಿಂಗ್‌ಗಳ ಮೇಲೆ ತೇಲುತ್ತಿರುತ್ತದೆ. ಒಂದು ತಂತಿ ಕಿತ್ತುಹೋದರೆ ಉಳಿದ ಐದರ ಶ್ರುತಿಯೂ ಏರುತ್ತದೆ. ತಂತಿ ಬದಲಿಸುವುದೇ ಒಂದು ಗಂಟೆಯ ಕೆಲಸ. ಅಗ್ಗದ ನಕಲುಗಳಲ್ಲಿ ಬ್ರಿಜ್ ಆತುಕೊಳ್ಳುವ ಚೂಪು ಅಂಚು ಮೆದು ಲೋಹದ್ದಾದ್ದರಿಂದ ಬೇಗ ಸವೆದು, ಆಮೇಲೆ ಶ್ರುತಿ ಎಂದೂ ಹಿಂದಿನ ಜಾಗಕ್ಕೆ ಮರಳುವುದಿಲ್ಲ.

ಅತಿ ಕಡಿಮೆ ತಲೆನೋವಿನದು ಹಾರ್ಡ್‌ಟೇಲ್, ಅಂದರೆ ಕದಲದ ಬ್ರಿಜ್. ಫೆಂಡರ್ ಕಂಪನಿಯ ಟೆಲಿಕ್ಯಾಸ್ಟರ್ ಮತ್ತು ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಗಳಲ್ಲಿ ಇದೇ ಇರುತ್ತದೆ. ಫೆಂಡರ್‌ನದೇ ಸ್ಟ್ರಾಟೊಕ್ಯಾಸ್ಟರ್ ಮಾದರಿಯಲ್ಲಿ ಸ್ವರ ಏರಿಳಿಸುವ ಕೈಕೋಲಿನ ಟ್ರೆಮೊಲೊ ಇರುತ್ತದೆ. ಅದು ತೇಲುವಂತೆ ಸೆಟ್ ಆಗಿದ್ದರೆ ಒಂದು ತಂತಿಯನ್ನು ಬೆಂಡ್ ಮಾಡಿದ (ಪಕ್ಕಕ್ಕೆ ಎಳೆದ) ಕ್ಷಣ ಮಿಕ್ಕವು ಇಳಿಯುತ್ತವೆ. ಆರ್. ಪ್ರಸನ್ನ ಅವರ ಹಾಗೆ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಆಸೆಯಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗಮಕಕ್ಕಾಗಿ ತಂತಿ ಎಳೆಯುತ್ತಿದ್ದಂತೆ ಪಕ್ಕದ ತಂತಿಯಲ್ಲಿ ಮೀಟಿಟ್ಟ ಷಡ್ಜವೇ ಜಾರಿದರೆ ಕೇಳಲಾಗದು.

ಸ್ಟ್ರಾಟ್ ಮಾದರಿಯೇ ಇಷ್ಟವಾದರೆ ಪರಿಹಾರ ಸರಳ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಒಳಗೆ ಸಾಮಾನ್ಯವಾಗಿ ಮೂರು ಸ್ಪ್ರಿಂಗ್, ಅವುಗಳನ್ನು ಹಿಡಿದಿರುವ ಒಂದು ಲೋಹದ ಪಂಜ, ಪಂಜಕ್ಕೆ ಎರಡು ಉದ್ದನೆಯ ಸ್ಕ್ರೂ. ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಎರಡನ್ನೂ ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲವೂ ಶ್ರುತಿ ಸರಿಪಡಿಸುತ್ತಾ ಹೋದರೆ ಬ್ರಿಜ್ ಬಾಡಿಯ ಮೇಲೆ ಸಪಾಟಾಗಿ ಕೂರುತ್ತದೆ. ದೊಡ್ಡ ಬೆಂಡ್‌ಗೆ ಇನ್ನೂ ಎದ್ದರೆ ಇನ್ನೆರಡು ಸ್ಪ್ರಿಂಗ್ ಸೇರಿಸಿ. ಬ್ರಿಜ್ ತಗ್ಗಿದ್ದರಿಂದ ತಂತಿಯ ಎತ್ತರವೂ ಇಳಿದಿರುತ್ತದೆ, ಕೊನೆಗೆ ಅದನ್ನು ಮತ್ತೆ ಅಳೆಯಬೇಕು.

ಗಾತ್ರ ಮತ್ತು ಮರ

ನಟ್‌ನಿಂದ ಬ್ರಿಜ್‌ವರೆಗಿನ ತಂತಿಯ ಉದ್ದ ಫೆಂಡರ್ ಮಾದರಿಗಳಲ್ಲಿ 25.5 ಇಂಚು, ಗಿಬ್ಸನ್ ಮಾದರಿಗಳಲ್ಲಿ 24.75 ಇಂಚು. ಉದ್ದ ಕಡಿಮೆಯಾದಷ್ಟೂ ಅದೇ ಶ್ರುತಿಯಲ್ಲಿ ತಂತಿ ಮೆದುವಾಗಿರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಇವೆರಡೂ ದೊಡ್ಡವು. ಅವರಿಗೆ 22.75 ಇಂಚಿನ ಸ್ಕ್ವಾಯರ್ ಮಿನಿ ಅಥವಾ 22.2 ಇಂಚಿನ ಐಬನೇಜ್ ಮೈಕ್ರೊ ನೋಡಿ. ತೂಕ ಮೂರರಿಂದ ಮೂರೂವರೆ ಕೆ.ಜಿ. ಇದ್ದರೆ ಹಿತ; ಲೆಸ್ ಪಾಲ್ ಮಾದರಿ ನಾಲ್ಕು ದಾಟುವುದುಂಟು, ನಿಂತು ನುಡಿಸುವಾಗ ಎಡಭುಜಕ್ಕೆ ಅದು ಗೊತ್ತಾಗುತ್ತದೆ.

ಬಾಡಿಯ ಮರದ ಬಗ್ಗೆ ಈ ಬೆಲೆಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಫಿಂಗರ್‌ಬೋರ್ಡ್‌ನ (ನೆಕ್‌ನ ಮೇಲಿನ, ಫ್ರೆಟ್ ಕೂರಿಸಿದ ಹಲಗೆಯ) ಮರದ ಕಥೆ ಮಾತ್ರ ನಮಗೆ ಹತ್ತಿರದ್ದು. ದಶಕಗಳ ಕಾಲ ಜಗತ್ತಿನ ಗಿಟಾರ್‌ಗಳಿಗೆ ಹೋದ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದಾಗ ಕಂಪನಿಗಳು ಬೇರೆ ಮರ ಹುಡುಕಿದವು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕರೂ ಅಗ್ಗದ ಮಾದರಿಗಳಲ್ಲಿ ಬದಲಿ ಮರವೇ ಉಳಿದುಕೊಂಡಿತು. ಸ್ಕ್ವಾಯರ್ ಗಿಟಾರ್‌ಗಳ ವಿವರದಲ್ಲಿ ಕಾಣುವ ಇಂಡಿಯನ್ ಲಾರೆಲ್ ನಮ್ಮ ಕಾಡಿನ ಮತ್ತಿ ಮರ. ನುಡಿಸುವ ಕೈಗೆ ಎರಡೂ ಚೆನ್ನ. ಅಂಗಡಿಯವರು ಲಾರೆಲ್ ಕಳಪೆ ಎಂದರೆ ನಂಬಬೇಡಿ.

ಪಟ್ಟಿಯಲ್ಲಿ ಇರಲಿ ಎನ್ನಬಹುದಾದವು

ಯಮಾಹಾ ಪೆಸಿಫಿಕಾ 012 ಎಚ್‌ಎಸ್‌ಎಸ್ ಜೋಡಣೆಯದು, ತಯಾರಿಕೆಯಲ್ಲಿ ಏರುಪೇರು ಕಡಿಮೆ. ಕಣ್ಣು ಮುಚ್ಚಿ ಶಿಫಾರಸು ಮಾಡಬಹುದಾದ ಮಾದರಿ ಯಾವುದಾದರೂ ಇದ್ದರೆ ಇದು. ಇನ್ನಷ್ಟು ಹಣ ಸೇರಿಸಿದರೆ 112ಜೆ ಸಿಗುತ್ತದೆ, ಅದನ್ನು ಹತ್ತು ವರ್ಷ ಬದಲಿಸುವ ಅಗತ್ಯ ಬೀಳುವುದಿಲ್ಲ. ಫೆಂಡರ್‌ನ ಅಗ್ಗದ ಸಾಲಾದ ಸ್ಕ್ವಾಯರ್‌ನಲ್ಲಿ ಸಾನಿಕ್ ಮತ್ತು ಅದರ ಮೇಲಿನ ಅಫಿನಿಟಿ, ಗಿಬ್ಸನ್‌ನ ಕಡೆಯಿಂದ ಎಪಿಫೋನ್, ತೆಳು ನೆಕ್ ಬೇಕೆನ್ನುವವರಿಗೆ ಐಬನೇಜ್ ಜಿಯೊ. ಕೊರಿಯಾ ಮೂಲದ ಕಾರ್ಟ್ ಬೇರೆ ಬ್ರ್ಯಾಂಡ್‌ಗಳಿಗೂ ಗಿಟಾರ್ ಮಾಡಿಕೊಡುವ ಕಂಪನಿ. ಅದರ ಸ್ವಂತ ಹೆಸರಿನವು ಕೊಟ್ಟ ಹಣಕ್ಕೆ ಮೋಸವಿಲ್ಲ. ಇವೆಲ್ಲ ಸುಮಾರು 15ರಿಂದ 30 ಸಾವಿರದ ನಡುವೆ ಸಿಗುತ್ತವೆ, ಬೆಲೆ ಆಗಾಗ ಬದಲಾಗುತ್ತಿರುತ್ತದೆ.

ಒಂದೇ ಮಾದರಿಯ ಎರಡು ಗಿಟಾರ್‌ಗಳು ಒಂದೇ ಥರ ಇರುವುದಿಲ್ಲ. ಆದ್ದರಿಂದಲೇ ಮುಂದಿನ ಭಾಗ ಉದ್ದವಾಗಿದೆ.

ಅಂಗಡಿಯಲ್ಲಿ ಪರೀಕ್ಷೆ: ಇಪ್ಪತ್ತು ನಿಮಿಷ

ಮೂರು ಎಟಿಎಂ ಕಾರ್ಡ್ ಜೇಬಿನಲ್ಲಿರಲಿ. ನುಡಿಸಲು ಬಾರದವರೂ ಈ ಪರೀಕ್ಷೆಯನ್ನು ಪೂರ್ತಿ ಮಾಡಬಹುದು.

ಮೊದಲು ಗಿಟಾರನ್ನು ಶ್ರುತಿ ಮಾಡಿಸಿ. ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಶ್ರುತಿಯಿಲ್ಲದೆ ಮಾಡುವ ಅಳತೆಗೆ ಅರ್ಥವಿಲ್ಲ, ಏಕೆಂದರೆ ತಂತಿಯ ಬಿಗಿತವೇ ನೆಕ್ಕನ್ನು ಬಾಗಿಸುವುದು.

ಈಗ ಆರನೇ ತಂತಿಯನ್ನು, ಅಂದರೆ ಅತಿ ದಪ್ಪದ್ದನ್ನು, ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಬಿಗಿದ ತಂತಿ ನೇರ ಅಳತೆಪಟ್ಟಿಯಾಗುತ್ತದೆ. ಏಳು-ಎಂಟನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವೆ ಕಾಲು ಮಿಲಿಮೀಟರ್‌ನಷ್ಟು ಸಂದು ಇರಬೇಕು. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ., ಅಂದರೆ ಅದರ ಮೂರನೇ ಒಂದು ಭಾಗ. ಕಾರ್ಡೇ ಸರಾಗವಾಗಿ ತೂರಿದರೆ ನೆಕ್ ಬಹಳ ಬಾಗಿದೆ. ಸಂದೇ ಇಲ್ಲದಿದ್ದರೆ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಎರಡಕ್ಕೂ ನೆಕ್‌ನ ಒಳಗಿರುವ ಟ್ರಸ್ ರಾಡ್ (ಬಾಗು ತಿದ್ದುವ ಲೋಹದ ಸರಳು) ಮದ್ದು, ಹೊಸ ಗಿಟಾರಿನಲ್ಲಿ ಇದಕ್ಕೆ ಗಾಬರಿಯಾಗಬೇಕಿಲ್ಲ. ಗಾಬರಿಯಾಗಬೇಕಾದದ್ದು ತಿರುಚಿದ ನೆಕ್‌ಗೆ: ಬಾಡಿಯ ಕಡೆಯಿಂದ ಕಣ್ಣಿಟ್ಟು ಉದ್ದಕ್ಕೆ ನೋಡಿದಾಗ ಎಡ ಅಂಚು ಒಂದು ಥರ, ಬಲ ಅಂಚು ಇನ್ನೊಂದು ಥರ ಬಾಗಿದ್ದರೆ ಅಲ್ಲಿಗೇ ಬಿಡಿ. ಅದಕ್ಕೆ ಸುಲಭದ ಚಿಕಿತ್ಸೆಯಿಲ್ಲ.

ಆಮೇಲೆ ತಂತಿಯ ಎತ್ತರ. ಹನ್ನೆರಡನೇ ಫ್ರೆಟ್ ಮೇಲೆ ಸಣ್ಣ ತಂತಿಯ ಕೆಳಗೆ ಉಬ್ಬಕ್ಷರವಿಲ್ಲದ ಎರಡು ಕಾರ್ಡ್ ಜೋಡಿಸಿ ತೂರಿಸಿ. ಒಟ್ಟು ದಪ್ಪ ಒಂದೂವರೆ ಮಿ.ಮೀ. ತಂತಿ ಮೇಲೇಳದೆ, ಸವರಿಕೊಂಡು ಹೋದರೆ ಎತ್ತರ ಸರಿಯಾಗಿದೆ. ದಪ್ಪ ತಂತಿಯ ಕೆಳಗೆ ಎರಡು ಮಿ.ಮೀ. ಆಸುಪಾಸು ಇರಬೇಕು, ಮೂರು ಕಾರ್ಡ್ ತೂರಿಸಿಯೂ ಜಾಗ ಉಳಿದರೆ ತಂತಿ ಎತ್ತರದಲ್ಲಿದೆ. ಬ್ರಿಜ್‌ನ ಪುಟ್ಟ ಸ್ಕ್ರೂಗಳಿಂದ ಅಲ್ಲೇ ಇಳಿಸಿಕೊಡಲು ಕೇಳಿ. ಇಳಿಸಲು ಇನ್ನು ಜಾಗವೇ ಇಲ್ಲ ಎನ್ನುವಂತಿದ್ದರೆ ನೆಕ್ ಜೋಡಿಸಿದ ಕೋನವೇ ತಪ್ಪಿರಬಹುದು, ಬೇರೆಯದನ್ನು ತೆಗೆಸಿ.

ನಟ್‌ನ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ, ಮೊದಲ ಫ್ರೆಟ್ ಮೇಲಿನ ಸಂದು ನೋಡಿ. ಒಂದು ಹಾಳೆಯ ದಪ್ಪದಷ್ಟಿದ್ದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಮೊದಲ ಫ್ರೆಟ್‌ನಲ್ಲಿ ಒತ್ತಿದ ಸ್ವರವೆಲ್ಲ ಏರುತ್ತದೆ, ಎಫ್ ಕಾರ್ಡ್ ಕೈಗೇ ಹತ್ತುವುದಿಲ್ಲ. ಹೊಸಬರು ತಮ್ಮ ಬೆರಳನ್ನು ದೂರುತ್ತಾರೆ, ತಪ್ಪು ನಟ್‌ನದು.

ಇನ್ನು ಫ್ರೆಟ್‌ಗಳು. ಅಂಗೈಯನ್ನು ನೆಕ್‌ನ ಅಂಚಿನಗುಂಟ ಮೇಲೆ ಕೆಳಗೆ ಸವರಿ, ಚುಚ್ಚಬಾರದು. ಕಲಬುರಗಿ, ಬಳ್ಳಾರಿ ಕಡೆಯ ಒಣ ಬೇಸಿಗೆಯಲ್ಲಿ ಮರ ಕುಗ್ಗಿ ಲೋಹ ಹೊರಚಾಚುವುದುಂಟು, ನುರಿತವರು ಅರದಿಂದ ಉಜ್ಜಿ ಸರಿಮಾಡುತ್ತಾರೆ. ನಂತರ ಆಂಪ್ ಹಾಕದೆ, ಆರೂ ತಂತಿಗಳಲ್ಲಿ ಪ್ರತಿಯೊಂದು ಫ್ರೆಟ್ಟನ್ನೂ ಒತ್ತಿ ಮೀಟಿ ಕೇಳಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಎಲ್ಲ ಕಡೆ ಸಣ್ಣಗೆ ಬಜ್ (ತಂತಿ ಫ್ರೆಟ್‌ಗೆ ತಾಗುವ ಸದ್ದು) ಬಂದರೆ ಅದು ಸೆಟಪ್ ವಿಷಯ. ಒಂದೇ ಜಾಗದಲ್ಲಿ ಮಾತ್ರ ಸ್ವರ ಸತ್ತಂತಾದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಎಂದರ್ಥ. ಅದು ಬೇಡ.

ಸ್ವರಶುದ್ಧಿಗೆ ಹನ್ನೆರಡನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಟ್ಯೂನರ್ ನೋಡಿ. ಬಿಟ್ಟ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಏರಿದ್ದರೆ ಸ್ಯಾಡಲನ್ನು (ಬ್ರಿಜ್‌ನಲ್ಲಿ ಆ ತಂತಿ ಕೂರುವ ತುಂಡನ್ನು) ನೆಕ್‌ನಿಂದ ದೂರ ಸರಿಸಬೇಕು, ಇಳಿದಿದ್ದರೆ ಹತ್ತಿರಕ್ಕೆ.

ಕೊನೆಗೆ ಆಂಪ್‌ಗೆ ಜೋಡಿಸಿ. ವಾಲ್ಯೂಮ್, ಟೋನ್ ಗುಂಡಿಗಳನ್ನು ತಿರುಗಿಸಿ, ಸ್ವಿಚ್‌ನ ಪ್ರತಿ ಸ್ಥಾನದಲ್ಲೂ ಸದ್ದು ಬರುತ್ತಿದೆಯೇ ನೋಡಿ. ಜ್ಯಾಕನ್ನು ಮೆಲ್ಲಗೆ ಅಲ್ಲಾಡಿಸಿ. ಕರಕರ ಎಂದರೆ ಧೂಳು ಅಥವಾ ಸಡಿಲ ಬೆಸುಗೆ. ಸಣ್ಣ ರಿಪೇರಿ, ಆದರೆ ಹೊಸದಕ್ಕೆ ನೀವೇಕೆ ಮಾಡಿಸಬೇಕು? ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ವೈರಿಂಗ್ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ಗ್ರೌಂಡ್ ವೈರ್ ಕಿತ್ತಿರುವ ಸಾಧ್ಯತೆ ಇದೆ.

ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಒಡೆಯುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ, ವಾಪಸಾತಿಯ ಅವಧಿ ಮುಗಿಯುವುದರೊಳಗೆ ಈ ಪರೀಕ್ಷೆಯೆಲ್ಲ ಮುಗಿಸಿ.

ಸೆಕೆಂಡ್ ಹ್ಯಾಂಡ್

ಬೆಂಗಳೂರಿನಲ್ಲಿ ಕಾಲೇಜು ಮುಗಿಸಿದವರು, ಊರು ಬಿಡುವವರು ಮಾರುವ ಗಿಟಾರ್‌ಗಳಿಗೆ ಕೊರತೆಯಿಲ್ಲ. ಮೇಲಿನ ಪರೀಕ್ಷೆಗಳ ಜೊತೆ ಇನ್ನೂ ಮೂರು ನೋಡಿ. ಒಂದು, ತಂತಿಯ ಕೆಳಗೆ ಫ್ರೆಟ್ ಮೇಲೆ ಗುಳಿ ಬಿದ್ದಿದೆಯೇ. ಆಳವಾದ ಗುಳಿ ಎಂದರೆ ಫ್ರೆಟ್ ಬದಲಿಸುವ ಖರ್ಚು, ಅದು ಗಿಟಾರಿನ ಬೆಲೆಯ ಅರ್ಧಕ್ಕೇ ಬರಬಹುದು. ಎರಡು, ಲೆಸ್ ಪಾಲ್ ಮಾದರಿಯಲ್ಲಿ ತಲೆ (ಕೀಗಳಿರುವ ತುದಿ) ಹಿಂದಕ್ಕೆ ಬಾಗಿರುವುದರಿಂದ ಬಿದ್ದಾಗ ಅಲ್ಲೇ ಮುರಿಯುತ್ತದೆ; ನಟ್‌ನ ಹಿಂಭಾಗದಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಮೊಬೈಲ್ ಟಾರ್ಚ್ ಹಿಡಿದು ನೋಡಿ. ಮೂರು, ಟ್ರಸ್ ರಾಡ್ ತಿರುಗುತ್ತದೆಯೇ. ಮಾರುವವರ ಒಪ್ಪಿಗೆ ಪಡೆದು ಕಾಲು ಸುತ್ತು ತಿರುಗಿಸಿ, ವಾಪಸ್ ತನ್ನಿ. ಪೂರ್ತಿ ಬಿಗಿಯಾಗಿ ನಿಂತಿದ್ದರೆ ಅಥವಾ ಸುಮ್ಮನೆ ಸುತ್ತುತ್ತಿದ್ದರೆ ಬೇಡ.

ಗಿಬ್ಸನ್ ಎಂದು ಬರೆದಿದ್ದು ಹದಿನೈದು ಸಾವಿರಕ್ಕೆ ಸಿಗುತ್ತಿದ್ದರೆ ಅದು ನಕಲಿ. ತಲೆಯ ಮೇಲಿನ ಟ್ರಸ್ ರಾಡ್ ಮುಚ್ಚಳಕ್ಕೆ ಅಸಲಿ ಗಿಬ್ಸನ್‌ನಲ್ಲಿ ಎರಡೇ ಸ್ಕ್ರೂ ಇರುತ್ತವೆ, ಬಹಳಷ್ಟು ನಕಲಿಗಳಲ್ಲಿ ಮೂರು. ಕೋಲ್ಕತ್ತದ ಗಿವ್ಸನ್ ಬೇರೆಯೇ ಬ್ರ್ಯಾಂಡ್, ಅದನ್ನು ಇದರೊಂದಿಗೆ ಬೆರೆಸಬೇಡಿ.

ಆಂಪ್ ಮತ್ತು ಕರೆಂಟು

ಮಲಗುವ ಕೋಣೆಗೆ 10ರಿಂದ 20 ವ್ಯಾಟ್ ಧಾರಾಳವಾಯಿತು. ಹೆಡ್‌ಫೋನ್ ಜ್ಯಾಕ್ ಕಡ್ಡಾಯ. ಅಪಾರ್ಟ್‌ಮೆಂಟಿನಲ್ಲಿ ಅಭ್ಯಾಸ ನಡೆಯುವುದು ಅದರಿಂದಲೇ. ಮಾಡೆಲಿಂಗ್ ಆಂಪ್ ಆದರೆ ಹಲವು ಬಗೆಯ ಸದ್ದು ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ, ಸದ್ದು ಬದಲಿಸುವ ಪೆಡಲ್ ಕೊಳ್ಳುವ ಅಗತ್ಯ ಮುಂದಕ್ಕೆ ಹೋಗುತ್ತದೆ. ಮನೆಯಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಇದ್ದರೆ ಆಂಪ್ ಬದಲು ಆಡಿಯೊ ಇಂಟರ್‌ಫೇಸ್ (ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಕೊಂಡು ಉಚಿತ ಆಂಪ್ ಸಾಫ್ಟ್‌ವೇರ್ ಬಳಸಬಹುದು. ಗಿಟಾರನ್ನು ಇನ್‌ಸ್ಟ್ರುಮೆಂಟ್ ಎಂದು ಗುರುತಿರುವ ಇನ್‌ಪುಟ್‌ಗೇ ಹಾಕಬೇಕು, ಲೈನ್ ಇನ್‌ಪುಟ್‌ಗೆ ಹಾಕಿದರೆ ಸದ್ದು ಮಂಕಾಗುತ್ತದೆ. ಹೋಮ್ ಥಿಯೇಟರ್‌ಗೋ ಮೊಬೈಲ್ ಸ್ಪೀಕರ್‌ಗೋ ನೇರವಾಗಿ ಜೋಡಿಸುವ ಪ್ರಯೋಗ ಬೇಡ.

ಅಮೆರಿಕದಿಂದ ಬರುವ ನೆಂಟರ ಕೈಲಿ ಗಿಟಾರ್ ತರಿಸಿಕೊಳ್ಳಬಹುದು. ಆಂಪ್ ತರಿಸಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ವೋಲ್ಟೇಜ್ ಬದಲಿಸುವ ಸ್ವಿಚ್ ಇಲ್ಲದ ಆಂಪನ್ನು ಇಲ್ಲಿ ಸಿಕ್ಕಿಸಿದ ಕ್ಷಣವೇ ಸುಟ್ಟುಹೋಗಬಹುದು.

ಅರ್ತಿಂಗ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಗಿಟಾರಿನ ತಂತಿಗಳು ಬ್ರಿಜ್ ಮತ್ತು ಕೇಬಲ್ ಮೂಲಕ ಆಂಪಿನ ಲೋಹದ ಚಾಸಿಗೆ ಸೇರಿರುತ್ತವೆ, ಅಂದರೆ ನಿಮ್ಮ ಬೆರಳೂ ಸೇರಿರುತ್ತದೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಎಷ್ಟೋ ಸಲ ಮೂರನೆಯದಕ್ಕೆ ಅರ್ತ್ ವೈರೇ ಇರುವುದಿಲ್ಲ. ಮೂರು ಪಿನ್ನಿನ ಆಂಪ್ ಹಾಕಿದ ಮೇಲೆ, ಗಿಟಾರಿನ ತಂತಿ ಮುಟ್ಟುವ ಮೊದಲು ಅದಕ್ಕೆ ಟೆಸ್ಟರ್ ಸ್ಕ್ರೂಡ್ರೈವರ್ ಇಟ್ಟು ನೋಡಿ. ದೀಪ ಹತ್ತಿದರೆ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಪ್ಲಗ್‌ನ ಅರ್ತ್ ಪಿನ್ ಕಿತ್ತು ಎರಡು ಪಿನ್ ಸಾಕೆಟ್‌ಗೆ ಸಿಕ್ಕಿಸುವುದು ಜೀವಕ್ಕೆ ಅಪಾಯ.

ಕೇಬಲ್ ಮೂರು ಮೀಟರ್ ಸಾಕು. ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆ) 0.73 ಮಿ.ಮೀ. ದಪ್ಪದಿಂದ ಶುರು ಮಾಡಿ.

ಮನೆಗೆ ಬಂದ ಮೇಲೆ

ಮೊದಲ ವಾರ ಶ್ರುತಿ ಜಾರುತ್ತದೆ. ಹೊಸ ತಂತಿ ಹಿಗ್ಗುವುದೇ ಕಾರಣ. ಶ್ರುತಿ ಮಾಡಿ, ಪ್ರತಿ ತಂತಿಯನ್ನೂ ಹನ್ನೆರಡನೇ ಫ್ರೆಟ್ ಬಳಿ ಬೆರಳಿನಿಂದ ಮೆಲ್ಲಗೆ ಮೇಲಕ್ಕೆಳೆದು ಬಿಟ್ಟು, ಮತ್ತೆ ಶ್ರುತಿ ಮಾಡಿ. ನಾಲ್ಕೈದು ಸಲಕ್ಕೆ ನಿಲ್ಲುತ್ತದೆ. ಕೀ ತಿರುಗಿಸುವಾಗ ಟಿಂಗ್ ಎಂದು ಸದ್ದು ಬಂದು ಸ್ವರ ಒಮ್ಮೆಲೇ ಜಿಗಿದರೆ ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಗೀರಿಗೆ ಮೆದು ಪೆನ್ಸಿಲ್‌ನ ಸೀಸ ಉಜ್ಜಿದರೆ ಸಾಕು. ತಂತಿ ಕಟ್ಟುವಾಗ ಕೀಯ ಕಂಬಕ್ಕೆ ಎರಡು-ಮೂರು ಸುತ್ತು, ಮೇಲಿನಿಂದ ಕೆಳಕ್ಕೆ, ಒಂದರ ಮೇಲೊಂದು ಏರದಂತೆ.

ಒಂದು ತಿಂಗಳು ನುಡಿಸಿದ ಮೇಲೆ ಸೆಟಪ್‌ಗೆ ಕೊಡಿ. ಅಷ್ಟರಲ್ಲಿ ಮರ ನಿಮ್ಮ ಊರಿನ ಹವೆಗೆ ಹೊಂದಿಕೊಂಡಿರುತ್ತದೆ. ಯಾವ ಅಳತೆಯ ತಂತಿ ಬಳಸುತ್ತೀರೆಂದು ಮೊದಲೇ ಹೇಳಿ; 9-42ರಿಂದ 10-46ಕ್ಕೆ ಹೋದರೆ ನೆಕ್, ಬ್ರಿಜ್, ಸ್ವರಶುದ್ಧಿ ಮೂರನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಟ್ರಸ್ ರಾಡನ್ನು ನೀವೇ ಮುಟ್ಟುವುದಾದರೆ ಸರಿಯಾದ ಅಳತೆಯ ಅಲನ್ ಕೀ, ಒಂದು ಸಲಕ್ಕೆ ಕಾಲು ಸುತ್ತು, ನಡುವೆ ಒಂದು ರಾತ್ರಿಯ ಬಿಡುವು. ಬಲಕ್ಕೆ ತಿರುಗಿಸಿದರೆ ನೆಕ್ ನೇರವಾಗುತ್ತದೆ. ತಡೆ ಸಿಕ್ಕಿದರೆ ಬಲ ಹಾಕಬೇಡಿ.

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ತಂತಿ ಎರಡೇ ವಾರದಲ್ಲಿ ತುಕ್ಕು ಹಿಡಿಯಬಹುದು. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಮೇಲೂ ಕೆಳಗೂ ಒರೆಸಿ, ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ತೇವ ಇಳಿಯುವ ಹೊರಗೋಡೆಗೆ ನೇತುಹಾಕಬೇಡಿ. ಲೇಪನವಿರುವ ತಂತಿಗೆ ಬೆಲೆ ಹೆಚ್ಚು, ಕರಾವಳಿಯಲ್ಲಿ ಆ ಹಣ ವ್ಯರ್ಥವಲ್ಲ. ಮಳೆಗಾಲದ ತೇವಕ್ಕೆ ನೆಕ್ ಕೊಂಚ ಬಾಗಿ ತಂತಿ ಎತ್ತರವಾದಂತೆ ಅನಿಸಿದರೆ ಕಾರ್ಡ್ ಹಿಡಿದು ಮತ್ತೆ ಅಳೆಯಿರಿ, ಬ್ರಿಜ್ ಇಳಿಸುವ ಮೊದಲು ಟ್ರಸ್ ರಾಡ್ ನೋಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಡಬೇಡಿ. ಬಸ್ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ತಲೆಯ ಕೆಳಗೂ ನೆಕ್‌ನ ಕೆಳಗೂ ಬಟ್ಟೆಯ ಸುರುಳಿ ತುಂಬಿ, ಕಂಪನಿಯ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲೇ ಕಳಿಸಿ. ಆ ಪೆಟ್ಟಿಗೆಯನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ.